ಒಂದೇ ಸಲ ಕೇಳುವ ಪದ್ಮಕ್ಕ

ಸೀರೆಯ ಮೇಲೆ ಗಂಡನ ಕರಿಯ ಓವರ್‌ಕೋಟು ತೊಟ್ಟು, ಅಡುಗೆಮನೆಯ ಮೇಜಿನ ಹಿಂದೆ ಕಾಲ ಮೇಲೆ ಕಾಲು ಹಾಕಿ ಕೂತರೆಂದರೆ ಪದ್ಮಕ್ಕ ಪದ್ಮಕ್ಕನಾಗಿ ಉಳಿಯುತ್ತಿರಲಿಲ್ಲ. ಅಮೆರಿಕದ ಯಾವುದೋ ಕಾರ್ಖಾನೆಯ ಮ್ಯಾನೇಜರ್ ಆಗಿಬಿಡುತ್ತಿದ್ದರು. ಕೋಟಿನ ತೋಳು ಉದ್ದವಾಗಿ ಬೆರಳು ಕಾಣಿಸುತ್ತಿರಲಿಲ್ಲ, ಒಳಗಿನಿಂದ ಬಳೆಯ ಸದ್ದು ಮಾತ್ರ ಬರುತ್ತಿತ್ತು. ಒಲೆಯ ಮೇಲೆ ಸಾರು ಉಕ್ಕಿದರೂ ಮ್ಯಾನೇಜರು ಏಳುವಂತಿಲ್ಲ. ಅದು ಅವರ ಯಜಮಾನರಾದ ಗೋಪಾಲರಾಯರ ಕೆಲಸ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಧಾರವಾಡದ ಈ ದಂಪತಿ ಅಮೆರಿಕದ ಹ್ಯಾರಿಸನ್ ಎಂಬ ಊರಿನಲ್ಲಿ ಒಂದು ಬೇಕರಿಯ ಮೇಲಿನ ಮನೆಯಲ್ಲಿದ್ದರು. ರಾಯರು ಬಣ್ಣದ ಕಾರ್ಖಾನೆಯಲ್ಲಿ ಕೆಮಿಸ್ಟ್. ಗ್ರೀನ್ ಕಾರ್ಡ್ ಹಿಡಿದು ಬಂದು ಕೆಲಸವಿಲ್ಲದೆ ಅಲೆಯುತ್ತಿದ್ದ ನಮ್ಮಂಥ ಇಂಜಿನಿಯರುಗಳಿಗೆ ಶನಿವಾರ ಅಲ್ಲಿ ಊಟ, ಊಟಕ್ಕೆ ಮೊದಲು ಪದ್ಮಕ್ಕನ ಇಂಟರ್‌ವ್ಯೂ ತಾಲೀಮು. ಪಾಸಾಗಲಿ ಫೇಲಾಗಲಿ, ಊಟಕ್ಕೇನೂ ಮೋಸವಿರಲಿಲ್ಲ.

ನಾನು ಮೈಸೂರಿನವನು, ಮೆಕ್ಯಾನಿಕಲ್ ಇಂಜಿನಿಯರ್. ಮದುವೆಯಾದ ಆರು ತಿಂಗಳಿಗೇ ವಿಮಲೆಯನ್ನು ತವರಿನಲ್ಲಿ ಬಿಟ್ಟು ಬಂದಿದ್ದೆ. ಕೆಲಸ ಸಿಕ್ಕಿದ ತಕ್ಷಣ ಕರೆಸಿಕೊಳ್ಳುತ್ತೇನೆ ಎಂದು ದೊಡ್ಡದಾಗಿ ಹೇಳಿದ್ದೆ. ಅವಳು ಬರೆಯುತ್ತಿದ್ದ ಪ್ರತಿ ಕಾಗದದ ಕೊನೆಗೂ ಒಂದೇ ಪ್ರಶ್ನೆ: ಯಾವಾಗ?

ಮೊದಲ ಶನಿವಾರ ಪದ್ಮಕ್ಕ ಚಕ್ಕುಲಿಯ ತಟ್ಟೆ ಮುಂದೆ ಹಿಡಿದರು. "ಅಯ್ಯೋ, ಬೇಡ ಬೇಡ, ಈಗಷ್ಟೇ ತಿಂದು ಬಂದೆ" ಎಂದೆ. ಬೆಳಗಿನಿಂದ ಏನೂ ತಿಂದಿರಲಿಲ್ಲ. ತಟ್ಟೆ ಮರುಕ್ಷಣವೇ ಕಪಾಟು ಸೇರಿತು. ನನ್ನ ಕಣ್ಣೂ ಅದರ ಹಿಂದೆಯೇ ಹೋಯಿತು.

"ಏನ್ ನೋಡ್ತಿ? ಈ ದೇಶದಾಗ ಒಮ್ಮೆ ಕೇಳ್ತಾರ. ಬ್ಯಾಡ ಅಂದ್ರ ಬ್ಯಾಡ. ನಮ್ಮೂರಾಗ ಆಗಿದ್ರ ನಾಕು ಸಲ ಕೇಳಿ, ಕೈ ಹಿಡದು ಕೂಡಿಸಿ ತಿನ್ನಸ್ತಿದ್ದೆ. ಇಲ್ಲೆ ನಿಮ್ಮ ಸಲುವಾಗಿ ಮನಸು ಕಲ್ಲು ಮಾಡ್ಕೊಂಡೀನಿ" ಎಂದರು ಪದ್ಮಕ್ಕ. ಆಮೇಲೆ ಕೋಟು ತೊಟ್ಟು ಕೂತರು.

"ಪಂಪಿನ ಕೆಲಸ ಬರ್ತದೇನು?"

"ಏನೋ ಸ್ವಲ್ಪ ಸ್ವಲ್ಪ ಬರುತ್ತೆ, ಪದ್ಮಕ್ಕ... ಸಾರಿ, ಸರ್."

"ಎಷ್ಟು ವರ್ಷ ಮಾಡೀದಿ?"

"ಐದು ವರ್ಷ."

"ಐದು ವರ್ಷ ಮಾಡಿ ಸ್ವಲ್ಪ ಬರ್ತದಂದ್ರ ನೀ ಶುದ್ಧ ದಡ್ಡ ಇರಬೇಕು. ತಗೊಳ್ಳೂದಿಲ್ಲ, ಹೋಗು. ನೆಕ್ಸ್ಟ್!"

ಆ ದಿನ ನಾನಲ್ಲದೆ ಬೇರೆ ಯಾರೂ ಬಂದಿರಲಿಲ್ಲ. ಗೋಪಾಲರಾಯರೇ ಸೌಟು ಹಿಡಿದು ಇಣುಕಿ, "ನನ್ನ ಕರದೇನು?" ಎಂದರು.

ಮುಂದಿನ ಶನಿವಾರಗಳಲ್ಲಿ ಉತ್ತರ ಹೇಳುವುದು ಹೇಗೋ ಬಂತು. ಪ್ರಶ್ನೆ ಕೇಳುವುದು ಬರಲಿಲ್ಲ. "ಅವರಷ್ಟೇ ನಿನ್ನ ನೋಡೂದಲ್ಲೋ ರಾಘೂ, ನೀನೂ ಅವರನ್ನ ನೋಡಬೇಕು. ಹೊಸಬಗ ಕೆಲಸ ಕಲಸವ್ರು ಯಾರು? ಐದು ಹೊಡದ್ರ ಮಂದಿ ದಡಾದಡಾ ಓಡ್ತಾರೋ, ನಿಂತು ನಾಕು ಮಾತಾಡ್ತಾರೋ? ಕೇಳು, ಬಾಯಿಲ್ಲೇನು?" ಎಂದು ಪದ್ಮಕ್ಕ ಗದರುತ್ತಿದ್ದರು. ಕೆಲಸ ಕೊಡುವ ಪುಣ್ಯಾತ್ಮರನ್ನೇ ಪ್ರಶ್ನೆ ಮಾಡುವುದೇ? ನೆನೆಸಿಕೊಂಡರೇ ಬೆವರುತ್ತಿದ್ದೆ. ಐದನೆಯ ಶನಿವಾರ ಅಂತೂ ಪಾಸಾದೆ. ಕೇಳಿದ ಒಂದೇ ಸಲಕ್ಕೆ ಹೂಂ ಎಂದು ಆರು ಚಕ್ಕುಲಿ ಮುಗಿಸಿದೆ.

ಅದಾದ ವಾರವೇ ನ್ಯೂಅರ್ಕ್‌ನ ಒಂದು ಪಂಪು ಕಾರ್ಖಾನೆಯಿಂದ ಕರೆ ಬಂತು. ಮ್ಯಾನೇಜರು ಕೊವಾಲ್ಸ್ಕಿ ಎಂಬ ದಪ್ಪ ಕನ್ನಡಕದ ಮನುಷ್ಯ. ಒಂದು ನಕ್ಷೆ ಹರಡಿ ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟೆ. ಆತ ಖುಷಿಯಾಗಿ ಎದ್ದು ಕೈ ಚಾಚಿ, ಸೋಮವಾರದಿಂದಲೇ ಬರುತ್ತೀರಾ ಎಂದು ಕೇಳಿದ. ನನಗೆ ಎದೆಯುಬ್ಬಿ ಬಂತು. ಆದರೆ ಬಾಯಿಗೆ ಬಂದದ್ದು ಪದ್ಮಕ್ಕನ ಪಾಠವಲ್ಲ, ನಮ್ಮಮ್ಮನದು. "ನೋ ನೋ ಸರ್, ಪ್ಲೀಸ್! ವೈ ಆಲ್ ದಿಸ್ ಟ್ರಬಲ್ ಫಾರ್ ಮಿ?" ಎಂದುಬಿಟ್ಟೆ.

ಕೊವಾಲ್ಸ್ಕಿಯ ಕೈ ಕೆಳಗಿಳಿಯಿತು. ಬೇಜಾರಿನಿಂದ ಫೈಲು ಮುಚ್ಚಿದ. ಎರಡನೆಯ ಸಲ ಕೇಳುತ್ತಾನೆಂದು ನಾನು ನಗುತ್ತಾ ನಿಂತೇ ಇದ್ದೆ. ಆತ ಬಾಗಿಲು ತೆರೆದು ಹಿಡಿದ.

ಅಲ್ಲಿಂದ ನೇರವಾಗಿ ಹ್ಯಾರಿಸನ್‌ಗೆ ಓಡಿದೆ. ಕಥೆ ಕೇಳಿ ಪದ್ಮಕ್ಕ ಗೋಡೆ ಹಿಡಿದುಕೊಂಡು ನಕ್ಕರು, ಕೂತು ನಕ್ಕರು, ನೀರು ಕುಡಿದು ಮತ್ತೆ ನಕ್ಕರು. "ವಿಮಲೆಗೆ ಏನಂತ ಬರೀಲಿ ಪದ್ಮಕ್ಕ?" ಎಂದು ನಾನು ಅಳುದನಿಯಲ್ಲಿ ಕೇಳಿದಾಗ ಮಾತ್ರ ನಗು ನಿಂತಿತು. "ಏಳು, ಹೋಗೂಣು" ಎಂದವರೇ ಅದೇ ಓವರ್‌ಕೋಟು ಏರಿಸಿ, ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿದರು.

ಕೊವಾಲ್ಸ್ಕಿಯ ಮುಂದೆ ನಿಂತು ನೇರವಾಗಿ ಕೇಳಿದರು: "ಸರ್, ಹಿ ಸೆಡ್ ನೋ?"

ಹೌದೆಂದು ಆತ ತಲೆಯಾಡಿಸಿದ.

"ದಟ್ ಈಸ್ ಓನ್ಲಿ ಫಸ್ಟ್ ನೋ. ಯು ಆಸ್ಕ್ ಅಗೇನ್."

"ಅಂಡ್ ದ ಸೆಕೆಂಡ್ ನೋ?"

"ಸೆಕೆಂಡ್ ಆಲ್ಸೋ ಮ್ಯಾನರ್ಸ್, ಸರ್. ಥರ್ಡ್ ಟೈಮ್ ವಿ ಸಿಟ್ ಅಂಡ್ ಈಟ್."

ಕೊವಾಲ್ಸ್ಕಿ ನಕ್ಕ ರಭಸಕ್ಕೆ ಕನ್ನಡಕ ಜಾರಿತು. ಅದನ್ನು ಸರಿಮಾಡಿಕೊಂಡು ನನ್ನ ಕಡೆ ತಿರುಗಿದ. ಆತ ಬಾಯಿ ತೆರೆಯುವ ಮೊದಲೇ "ಎಸ್!" ಎಂದು ಕಿರುಚಿದೆ.

"ತಡಿ, ಏನು ಅವಸರ ನಿಂದು?" ಎಂದರು ಪದ್ಮಕ್ಕ. ಅವರಿನ್ನೂ ಕಾರ್ಖಾನೆಯನ್ನು ನೋಡಿರಲಿಲ್ಲವಲ್ಲ! ನಾನು ಕೂರುವ ಜಾಗ ನೋಡಿದರು, ಕಿಟಕಿ ತೆರೆದು ಮುಚ್ಚಿ ನೋಡಿದರು. ನಕ್ಷೆ ಬರೆಯುತ್ತಿದ್ದ ಮುದುಕರೊಬ್ಬರನ್ನು ಎಷ್ಟು ವರ್ಷದಿಂದ ಇದ್ದೀರಿ, ಈ ಹುಡುಗನಿಗೆ ಕಲಿಸುತ್ತೀರಾ ಎಂದು ವಿಚಾರಿಸಿದರು. ಮ್ಯಾನೇಜರು ಕೈಕಟ್ಟಿಕೊಂಡು ಹಿಂದೆ ಹಿಂದೆಯೇ ಬರುತ್ತಿದ್ದ. ಕೊನೆಗೆ ನನ್ನ ಕಿವಿಯಲ್ಲಿ "ಛಲೋ ಮಂದಿ ಅದಾರ. ಈಗ ಹೂಂ ಅನ್ನು" ಎಂದರು.

ಹೊರಡುವಾಗ ಕೊವಾಲ್ಸ್ಕಿ ಅವರಿಗೆ ನೀವೆಲ್ಲಿ ಕೆಲಸ ಮಾಡುತ್ತೀರಿ ಎಂದು ಕೇಳಿದ. ಮನೆಯಲ್ಲಿ, ಎಂದರು. ಹೊಸಬರನ್ನು ನೋಡಿ ಆರಿಸುವುದಕ್ಕೆ ನಮಗೊಬ್ಬರು ಬೇಕು, ಬರುತ್ತೀರಾ ಎಂದ. ನಮಗೆಲ್ಲ ಪಾಠ ಹೇಳಿದ ಪದ್ಮಕ್ಕ ಕೆಂಪಗಾಗಿ, ಕೋಟಿನ ಮೇಲೆ ಸೆರಗು ಹೊದೆಯಲು ಹೋಗಿ, "ಅಯ್ಯಯ್ಯ, ನೋ ನೋ! ಐ ನೋ ನಥಿಂಗ್!" ಎಂದುಬಿಡಬೇಕೆ?

ಕೊವಾಲ್ಸ್ಕಿ ಗಂಭೀರವಾಗಿ ಒಂದು ಬೆರಳೆತ್ತಿ, "ಫಸ್ಟ್ ನೋ" ಎಂದ. ಮತ್ತೆ ಕೇಳಿದ. ಎರಡನೆಯ ಬೆರಳೂ ಎದ್ದಿತು. ಮೂರನೆಯ ಸಲಕ್ಕೆ ಪದ್ಮಕ್ಕ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

ಮರುವರ್ಷ ವಿಮಲೆ ಬಂದಳು. ಪದ್ಮಕ್ಕ ಏಳು ವರ್ಷ ಅಲ್ಲಿ ದುಡಿದರು. ಅವರು ಆರಿಸಿದವರು ಬಿಟ್ಟುಹೋಗುವುದೇ ಅಪರೂಪವಾಗಿತ್ತು. ಆಮೇಲೆ ರಾಯರಿಗೆ ಹೂಸ್ಟನ್‌ಗೆ ವರ್ಗವಾಯಿತು. ವಿಮಾನ ನಿಲ್ದಾಣದಲ್ಲಿ ನನ್ನ ಕೈ ಹಿಡಿದು, "ಅಲ್ಲೆ ನನ್ನ ಯಾರು ತಗೋತಾರೋ ರಾಘೂ? ವಯಸ್ಸಾತು" ಎಂದರು. ನನ್ನ ಸಂಸಾರವನ್ನೇ ಕಟ್ಟಿಕೊಟ್ಟವರು. ಕಾಲಿಗೆ ನಮಸ್ಕಾರ ಮಾಡಿ, ಅತ್ತುಬಿಟ್ಟೆ.

ತಿಂಗಳು ಕಳೆದು ಫೋನ್ ಮಾಡಿದರು. "ಮೂರು ಕಡೆ ಹೋಗಿದ್ದೆ. ಮೂರೂ ಕಡೆ ಬಾ ಅಂದ್ರು."

"ಮತ್ತಿನ್ನೇನು ಪದ್ಮಕ್ಕ!"

"ಏನ್ ಮತ್ತ? ಇಬ್ಬರನ್ನ ಫೇಲ್ ಮಾಡಿ ಬಂದೆ!" ಎಂದು ಅವರು ನಕ್ಕ ನಗು ಒಲೆಯ ಮುಂದಿದ್ದ ವಿಮಲೆಗೂ ಕೇಳಿಸಿತು.

ಆಮೇಲೆ ಅವರನ್ನು ನೋಡುವ ಯೋಗ ನಮಗೆ ಬರಲೇ ಇಲ್ಲ. ಆ ಊರಿನಲ್ಲಿ ಪದ್ಮಕ್ಕ ಪಾಸು ಮಾಡಿದ ಆ ಒಬ್ಬ ಮ್ಯಾನೇಜರು ಯಾರೋ, ಅವನನ್ನು ನೆನೆದರೆ ನನಗೆ ಈಗಲೂ ಹೊಟ್ಟೆಕಿಚ್ಚು.