ಮುಜಾಫರನ ಸೈರನ್

ನನ್ನ ತಮ್ಮ ಮುಜಾಫರ್ ಯಾವುದನ್ನೂ ಇದ್ದಂಗ ಇರಾಕ ಬಿಟ್ಟವ ಅಲ್ಲ. ಹೊಸ ಫ್ಯಾನ್ ತಂದ್ರ ಮೊದಲು ಅದರ ಬೆನ್ನು ಬಿಚ್ಚತಾನ. ಬಚ್ಚಲಕ್ಕ ಹೊಸ ನಲ್ಲಿ ಹಾಕಿದ, ಹಳೇದನ್ನೂ ಹಂಗ ಬಿಟ್ಟ. ಈಗ ಎರಡೂ ಸೋರತಾವ. ಸಿರುಗುಪ್ಪದ ಅಕ್ಕಿ ಗಿರಣಿಗಳ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದವ, ಗಣಿ ಜೋರಾದ ಮ್ಯಾಲೆ ಬಳ್ಳಾರಿಗೆ ಬಂದು, ಪಾರ್ವತಿನಗರದಾಗ ಅಂಗಡಿ ಇಟ್ಟು, ಹೆಸರಿನ ಮುಂದ ಇಂಜಿನಿಯರ್ ಅಂತ ಬರೆಸಿಕೊಂಡ. ಎಸ್ಸೆಸ್ಸೆಲ್ಸಿ ಫೇಲು. ಅದನ್ನ ಓದಿ ನಗೋರು ಆಗ ಊರಾಗ ಯಾರಿದ್ರು? ಎಲ್ಲರೂ ತಮ್ಮ ತಮ್ಮ ಬೋರ್ಡ್ ಬರೆಸೋದ್ರಾಗ ಇದ್ರು.

ಕುರುಗೋಡಿನ ಸಮೀಉಲ್ಲಾ ಅದಿರಿನ ಲಾರಿ ಓಡಿಸಿ ದೊಡ್ಡ ಸಾಹೇಬ ಆದವ. ಅಲ್ಪನಿಗೆ ಐಶ್ವರ್ಯ ಬಂದ್ರ ಅರ್ಧರಾತ್ರ್ಯಾಗ ಕೊಡಿ ಹಿಡಿದನಂತ. ನಮ್ಮ ಓಣಿ ಮಸೀದಿಗೆ ರಂಜಾನಿನ ರೋಜಾ, ಅಂದ್ರ ಉಪವಾಸ, ಬಿಡೋ ಹೊತ್ತಿಗೆ ಕೂಗಾಕ ಒಂದು ಸೈರನ್, ಅದನ್ನ ಕೂಗಿಸಾಕ ಒಂದು ಕಂಪ್ಯೂಟರ್ ಕೊಡಿಸಿದ. ಅಲ್ಲೀತನಕ ಆಕಾಶ ನೋಡಿ ಆಜಾನ್ ಕೊಡತಿದ್ದ ಹಸನಸಾಬ್ ಚಾಚಾನ್ನ ಮೂಲ್ಯಾಗ ಕುಂದ್ರಿಸಿದ್ರು. ಕಂಪ್ಯೂಟರಿಗೆ ಯಜಮಾನ ನಮ್ಮ ಮುಜಾಫರ್.

ಆ ಕಂಪ್ಯೂಟರಿನ ರೀತಿನ ಬ್ಯಾರೆ. ಏನೇನು ಇರಬೇಕಂತ ಒಂದು ಫೈಲಿನ್ಯಾಗ ಬರೆದಿಟ್ರ ಸಾಕು, ತಾನ ಹಂಗ ಕಟ್ಟಿಕೊಳ್ಳತೈತಿ. ಅದರ ಗಡಿಯಾರ ದಿನಾ ಹಿಂದ ಬೀಳತಿತ್ತು. ಅದನ್ನ ಮುಂದ ತಳ್ಳಾಕ ಒಂದು ಮಾಡ್ಯೂಲ್, ಅಂದ್ರ ಪ್ರೋಗ್ರಾಮಿನ ಒಂದು ತುಂಡು, ಅದರಾಗ ಮೊದಲ ಕುಂತಿತ್ತು, ಚೊಲೋ ನಡೆಸತಿತ್ತು. "ಬಂದಂಗ ಬಿಟ್ರ ನಾ ಯಾತಕ್ಕ ಬೇಕಕ್ಕಾ?" ಅಂದು ಮುಜಾಫರ್ ಕಡೀ ರೋಜಾದ ಹಿಂದಿನ ರಾತ್ರಿ ತಾನೊಂದು ಮಾಡ್ಯೂಲ್ ಬರೆದ. ಬದಲಿ ಹಾಕೋವಾಗ, ಒಳಗಿನದು ಬ್ಯಾಡ ಅಂತ ಮೊದಲು ಬರೀಬೇಕು, ಆಮ್ಯಾಲೆ ನಂದು ತಗೋ ಅನ್ನಬೇಕು. ಇವ ಎರಡನೇದಷ್ಟ ಬರೆದ. ತನ್ನದಕ್ಕ ಬ್ಯಾರೆ ಹೆಸರಿಟ್ಟಿದ್ದ, ಅದಕ್ಕ ಕಂಪ್ಯೂಟರೂ ತಕರಾರು ತೆಗಿಲಿಲ್ಲ. ಒಂದ ಒರಿಯಾಗ ಎರಡು ಕತ್ತಿ. ಎರಡೂ ಸೇರಿ ಗಡಿಯಾರನ ಮುಂದ ಮುಂದ ತಳ್ಳಿದ್ವು. ಇದೆಲ್ಲ ಆಮ್ಯಾಲೆ ಅವನ ಹೇಳಿದ್ದು, ದೊಡ್ಡ ಸಾಧನೆ ಮಾಡಿದವರಂಗ.

ನಮ್ಮಮ್ಮ ಮಾಬುಬೀ ಹಿಂದಿನ ವರ್ಷ ಆಸ್ಪತ್ರ್ಯಾಗ ಇದ್ದು ಒಂದೂ ರೋಜಾ ಹಿಡಿದಿದ್ದಿಲ್ಲ. ಈ ಸಲ ಡಾಕ್ಟರನ್ನ ಕಾಡಿ ಬೇಡಿ ಒಪ್ಪಿಸಿ, ಬಾತ ಕಾಲಾಗ ತಿಂಗಳು ಪೂರಾ ಹಿಡಿದಿದ್ಲು. ಅವತ್ತು ಕಡೀ ರೋಜಾ. ಮುಗಿಲು ಮುಚ್ಚಿತ್ತು, ಕೆಂಧೂಳು ಬ್ಯಾರೆ, ಸೂರ್ಯ ಎಲ್ಲಿದ್ದಾನಂತ ಯಾರಿಗೂ ಕಾಣಲಿಲ್ಲ. ಸೈರನ್ ಕೂಗಿತು. ಅಮ್ಮ ಖರ್ಜೂರ ತಿಂದು, ನೀರು ಕುಡಿದು, "ಪೂರಾ ಆತು ಮುನ್ನಿ" ಅಂತ ನನಗ ಹೇಳಿ ಕಣ್ಣೀರು ಒರೆಸಿಕೊಂಡ್ಲು. ಎಷ್ಟೋ ಹೊತ್ತಿನ ಮ್ಯಾಲೆ ಆಚೆ ಓಣಿ ಮಸೀದಿಯ ಆಜಾನ್ ಕೇಳಿತು. ಸೂರ್ಯ ಮುಳುಗಿದ್ದು ಆವಾಗ, ನಮ್ಮ ಸೈರನ್ ಮೊದಲ ಕೂಗಿಬಿಟ್ಟಿತ್ತು. ಬೀಜ ಇನ್ನೂ ಆಕಿ ಅಂಗೈಯಾಗ ಇತ್ತು. ಅದನ್ನ ನೋಡಿಕೊಂತ ಕುಂತ್ಲು.

ಮುಜಾಫರ್ ಓಡಿ ಬಂದ. "ಸಿಸ್ಟಮ್ ನಾ ಬರೆದಂಗ ಮಾಡೇತಿ ಅಮ್ಮಾ, ಅದರದು ತಪ್ಪಿಲ್ಲ" ಅಂದ.

"ಅದರದು ತಪ್ಪು ಅಂತ ಯಾರಂದ್ರು ಲೇ?" ಅಂದೆ ನಾನು.

ಹಬ್ಬ ಮುಗಿದ ಮ್ಯಾಲೆ ಅಮ್ಮ ಕೆಟ್ಟ ರೋಜಾಕ್ಕ ಬದಲಿ ಇನ್ನೊಂದು ಹಿಡಿದ್ಲು. ಸಂಜಿಗೆ ಮುಜಾಫರ್ ಮೊಬೈಲ್ ಹಿಡಕೊಂಡು ಮಾಳಿಗಿ ಏರಿದ. "ಅಮ್ಮಾ, ಟೈಮ್ ನಾ ಹೇಳತೀನಿ. ಚಾಚಾನೂ ಬರಲಿ ಬೇಕಾದ್ರ, ಇಬ್ಬರೂ ನೋಡತೀವಿ."

"ನೀ ಮೊದಲು ಇಳಿಯಪ್ಪಾ" ಅಂದ್ಲು ಅಮ್ಮ.

ಅವ ಇಳಿದು ಬಂದು ಹೊಸಲಿ ಮ್ಯಾಲೆ ಕುಂದ್ರೋತನಕ ಕಾದ್ಲು. ಆಮ್ಯಾಲೆ ನನ್ನ ಕಡಿ ತಿರುಗಿ, "ಈಗ ಹೋಗಿ ಹಸನಸಾಬ್ ಭಾಯಿನ್ನ ಕರ್ಕೊಂಡು ಬಾ" ಅಂದ್ಲು.