ಪ್ಯಾಂಟು ತೊಟ್ಟ ಕುದುರೆ

ಮಂತ್ರಿಗಳು ಹಗ್ಗ ಎಳೆದರು. ಪ್ರತಿಮೆಯ ಮುಸುಕು ಜಾರಿ ಸೇನಾಪತಿಯ ತಲೆ, ಕತ್ತಿ ಕಂಡವು. ಇನ್ನೊಮ್ಮೆ ಎಳೆದರೂ ಬಟ್ಟೆ ಕೆಳಗಿಳಿಯಲಿಲ್ಲ. ಕುದುರೆ ನಾಲ್ಕೂ ಕಾಲಿಗೆ ಪ್ಯಾಂಟು ತೊಟ್ಟು ನಿಂತಿತ್ತು!

ಬೆಂಗಳೂರಿನ ಆ ಸರ್ಕಲ್ ತುಂಬ ನಗು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮುಸುಕು ನಮ್ಮ ಗಾರ್ಮೆಂಟ್ ಫ್ಯಾಕ್ಟರಿಯದು. ಗಾಳಿಗೆ ಹಾರಬಾರದು ಎಂದು ಸಮಾರಂಭದವರು ಹೇಳಿದ್ದರು. ರಾಯದುರ್ಗದಲ್ಲಿ ಜೀನ್ಸ್ ಹೊಲಿದು ಕೈ ಪಳಗಿದ್ದ ಲಕ್ಷ್ಮಕ್ಕ ಹಿಂದಿನ ದಿನ ಕಟ್ಟೆ ಹತ್ತಿ, ಒಂದೊಂದು ಕಾಲಿಗೂ ಬಟ್ಟೆ ಸುತ್ತಿ, ಜೀನ್ಸಿನ ಹಳದಿ ದಾರದಲ್ಲಿ ಭದ್ರವಾಗಿ ಹೊಲಿದಿದ್ದಳು.

ನಾನು ತಡೆಯುವಷ್ಟರಲ್ಲಿ ಅವಳು ಕತ್ತರಿ ಹಿಡಿದು ನುಗ್ಗಿದಳು. ಪೊಲೀಸಿನವನು ಅಡ್ಡ ಬಂದ.

“ಹೊಲಿದಾಕಿ ನಾನರಿ! ಯಾಕ ಎಳೀತೀರಿ? ಎಳದ್ರ ಬರಂಗಿಲ್ಲ, ಬಿಚ್ಚಬೇಕ್ರಿ.”

ಮಂತ್ರಿಗಳೇ ಪಕ್ಕಕ್ಕೆ ಸರಿದರು. ಅವಳು ಮೊಣಕಾಲೂರಿ ಒಂದೊಂದೇ ಕಾಲಿನ ಹೊಲಿಗೆ ಬಿಚ್ಚಿದಳು. ಚಪ್ಪಾಳೆ ಬಿತ್ತು, ಸೇನಾಪತಿಗೆ.

ಮರುದಿನ ಅವಳ ಮೆಷಿನ್ನಿನ ಮುಂದೆ ಬೇರೆ ಯಾರೋ ಕೂತಿದ್ದರು. ನನ್ನೂರು ಮಡಕಶಿರಾಕ್ಕೆ ಹೋಗುವಾಗ ನನ್ನ ಬಸ್ಸು ಅದೇ ಸರ್ಕಲ್ ಸುತ್ತುತ್ತದೆ. ಎಲ್ಲರೂ ಕತ್ತಿ ನೋಡುತ್ತಾರೆ, ನಾನು ಹಿಂಗಾಲು ನೋಡುತ್ತೇನೆ. ಗೊರಸಿನ ಸಂದಿಯಲ್ಲಿ ಹಳದಿ ದಾರದ ಒಂದು ತುಂಡು, ಗಾಳಿಗೆ ಹಾರದೆ, ಇನ್ನೂ ಅಲ್ಲೇ ಇದೆ.