ಮಹಾರಾಜರ ಸಾರಥಿಗೆ ಮಕ್ಕಳಿರಲಿಲ್ಲ

ಹಳೇ ಬಂಗಲೆಯ ಹೋಮ್‌ಸ್ಟೇಯಲ್ಲಿ ಅವನ ಕೆಲಸದ ಹೆಸರು ಗೈಡು. ಮಾಡುತ್ತಿದ್ದುದು ಮಾತ್ರ ಸುಳ್ಳು ಹೇಳುವ ಕೆಲಸ. ಬೆಳಗ್ಗೆ ಅತಿಥಿಗಳಿಗೆ ಅರಮನೆ, ಗಡಿಯಾರದ ಗೋಪುರ, ಹಳೇ ಪೇಟೆ ತೋರಿಸುತ್ತ ಚಿಲ್ಲರೆ ಸುಳ್ಳುಗಳು. ಸಂಜೆ ಜಗಲಿಯಲ್ಲಿ ಇಡುಗಂಟಿನ ಸುಳ್ಳು. ಶಾಲೆಯಲ್ಲಿ ಇತಿಹಾಸದ ಪರೀಕ್ಷೆಗೆ ಎರಡು ಸಲ ಡುಮ್ಕಿ ಹೊಡೆದವನಿಗೆ ಈಗ ಇತಿಹಾಸವೇ ಅನ್ನ ಹಾಕುತ್ತಿದೆಯಲ್ಲ ಎಂದು ಅವನಿಗೇ ನಗು ಬರುತ್ತಿತ್ತು.

ಸಂಜೆಯ ಆ ಸುಳ್ಳು ಬೇರೇನಲ್ಲ, ಅವನ ಅಪ್ಪ.

ಅಪ್ಪ ಆಯುಷ್ಯವೆಲ್ಲ ರೈಲು ನಿಲ್ದಾಣದ ಮುಂದೆ ಜಟಕಾ ಹೊಡೆದವನು. ಹೆಂಡತಿ ಮೊದಲೇ ಹೋಗಿದ್ದಳು. ಆಮೇಲೆ ಕುದುರೆಯೂ ಹೋಯಿತು. ಅವತ್ತಿನಿಂದ ಗೋಡೆ ನೋಡಿಕೊಂಡು ಕೂತುಬಿಟ್ಟ. ಬಂಗಲೆಯ ಒಡತಿ ಅಮ್ಮಾವ್ರು ಒಂದು ದಿನ, “ಜಗಲಿ ಬಣಗುಡ್ತಿದೆ ಕಣಯ್ಯ, ಹಳೇ ಕಾಲದೋರು ಯಾರನ್ನಾದ್ರೂ ತಂದು ಕೂರಿಸು” ಎಂದದ್ದೇ ತಡ, ಮಗನ ತಲೆ ಓಡಿತು. ಬ್ಯಾಂಡ್‌ಸೆಟ್ಟಿನವರು ಬಿಸಾಕಿದ್ದ ಕೆಂಪು ಕೋಟು ತಂದು, ಹಿತ್ತಾಳೆ ಗುಂಡಿ ಹೊಲಿಸಿ, ಅಪ್ಪನಿಗೆ ತೊಡಿಸಿದ. ಅಲ್ಲಿಗೆ ಅಪ್ಪ ಮಹಾರಾಜರ ಖಾಸಗಿ ಸಾರಥಿಯಾದ.

“ಲೋ ಗೊರಸು, ಮಹಾರಾಜರನ್ನ ನಾನು ನೋಡಿರೋದು ಕ್ಯಾಲೆಂಡರ್‌ನಲ್ಲಿ ಕಣೋ!”

“ಅವರೂ ನಿನ್ನನ್ನ ನೋಡಿಲ್ಲ ಬಿಡಪ್ಪ. ಸಾಕ್ಷಿ ಹೇಳೋಕೆ ಯಾರು ಬರ್ತಾರೆ?”

ಗೊರಸು ಎಂದರೆ ಮಗನೇ. ಚಿಕ್ಕಂದಿನಿಂದ ಕಾಲನ್ನು ನೆಲ ಗುದ್ದುವ ಹಾಗೆ ಇಡುತ್ತಿದ್ದವನಿಗೆ ಅಪ್ಪ ಇಟ್ಟ ಹೆಸರು. ‘ಮೆಲ್ಲಗೆ ಕಾಲಿಡೋ, ಕುದುರೆ ಬೆದರುತ್ತೆ, ಗೊರಸು’ ಎಂಬ ಬೈಗುಳದಲ್ಲೇ ಅವನು ಬೆಳೆದದ್ದು.

ದಿನಾ ಬೆಳಗ್ಗೆ ಅಪ್ಪನ ಗಡ್ಡ ಹೆರೆಯುತ್ತ ಮಗ ಪಾಠ ಹೇಳಿಸುತ್ತಿದ್ದ. ಬೇಟೆಗೆ ಹೋದ ಕಥೆ, ರಾಣಿಯವರ ಗಾಡಿ ಕೆಸರಲ್ಲಿ ಹೂತ ಕಥೆ, ಕಡೆಗೆ ಈ ಮಾತು: “ಅರಮನೆ ಕುದುರೆಗಳೇ ನನ್ನ ಮಕ್ಕಳು. ನನಗೆ ಬೇರೆ ಮಕ್ಕಳಿಲ್ಲ.”

“ಗುಂಡುಕಲ್ಲಿನಂಥ ಮಗನ್ನ ಮುಂದಿಟ್ಕೊಂಡು ಹಾಗಂತೀನೇನೋ? ನಾಲಗೆ ಸೇದ್ಹೋಗುತ್ತೆ.”

“ಕಥೇಲಿ ಅಪ್ಪ, ಕಥೇಲಿ. ಮಗ ಇದ್ದಾನೆ ಅಂದ್ರೆ ಯಾರು ಅಳ್ತಾರೆ? ಅದೂ ನನ್ನಂಥ ಮಗ ಅಂದ್ರೆ ನಗ್ತಾರೆ ಅಷ್ಟೆ.”

ಅವನ ಲೆಕ್ಕ ತಪ್ಪಲಿಲ್ಲ. ಸಂಜೆ ಆ ಮಾತು ಬಂದರೆ ಸಾಕು, ಬೆತ್ತದ ಕುರ್ಚಿಗಳಲ್ಲಿ ಮೂಗು ಸೇದುವ ಸದ್ದು. ಆಗ ಅಪ್ಪ ಅತಿಥಿಗಳ ತಲೆಯ ಮೇಲಿಂದ ಮಗನತ್ತ ಒಂದು ಕಣ್ಣು ಮಿಟುಕಿಸುತ್ತಿದ್ದ. ಹಗಲೆಲ್ಲ ಬಿಸಿಲಲ್ಲಿ ಅಲೆದ ಮಗನಿಗೆ ನಿಜವಾದ ಸಂಬಳ ಅದು.

ಒಂದು ಸಂಜೆ ಆ ಕಣ್ಣು ಮಿಟುಕಲಿಲ್ಲ. ಮರುದಿನವೂ ಇಲ್ಲ. ‘ಮುದುಕ ನಟನೆಯಲ್ಲಿ ಪಳಗಿಬಿಟ್ಟ’ ಎಂದು ಮಗ ಅಡುಗೆಯವನ ಹತ್ತಿರ ಜಂಬ ಕೊಚ್ಚಿಕೊಂಡ, ಪೆದ್ದ. ಆಮೇಲೊಂದು ಬೆಳಗ್ಗೆ ಕೋಟಿನ ಗುಂಡಿ ಹಾಕುತ್ತಿದ್ದಾಗ ಅಪ್ಪ ಬಹಳ ಸಂಕೋಚದಿಂದ ಕೇಳಿದ:

“ದಿನಾ ನನಗೋಸ್ಕರ ತೊಂದರೆ ತಗೋತೀರಿ. ತಾವು ಯಾರ ಪೈಕಿ ಸ್ವಾಮಿ?”

ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ನೆನಪು ಒಂದೊಂದಾಗಿ ಕಳಚುತ್ತಿದೆ ಎಂದರು. “ಸಾರಥಿ, ಅರಮನೆ ಅಂತ ಮಾತ್ರ ಗಟ್ಟಿಯಾಗಿ ಹಿಡ್ಕೊಂಡಿದ್ದಾರಲ್ಲ, ಮನೇಲಿ ಯಾರಾದ್ರೂ ದಿನಾ ಹೇಳಿಸ್ತಿದ್ರಾ?” ಎಂಥ ಪ್ರಶ್ನೆಗೂ ಥಟ್ಟನೆ ಉತ್ತರ ಹೊಸೆಯುವ ಗೈಡು ಅಂದು ಅಪ್ಪನ ಕೈ ಹಿಡಿದು ಎದ್ದು ಹೊರಬಂದ.

ಕಲಿಸಿದ್ದನ್ನು ಮರೆಸಲು ಹೊರಟ. ಪಾಠ ನಿಲ್ಲಿಸಿದ. ಜಟಕಾದ ಮೇಲೆ ಕೂತ ತನ್ನ ಬಾಲ್ಯದ ಫೋಟೋ ತೋರಿಸಿದರೆ ಅಪ್ಪ, “ಯಾರ ಮಗು? ಮುದ್ದಾಗಿದೆ” ಎಂದು ಹಿಂದಿರುಗಿಸಿದ. ಜಗಲಿಗೇ ಕರೆದುಕೊಂಡು ಹೋಗಬಾರದು ಎಂದುಕೊಂಡರೆ, ಕೋಟು ಹಾಕದ ದಿನ ಅಪ್ಪ ತುತ್ತು ಮುಟ್ಟುತ್ತಿರಲಿಲ್ಲ. ಮಹಾರಾಜರು ಕಾಯುತ್ತಿದ್ದಾರೆ ಎಂದು ಬಾಗಿಲು ಬಡಿಯುತ್ತಿದ್ದ.

ಕೊನೆಗೆ ಒಂದು ಸಂಜೆ ಎದೆ ಗಟ್ಟಿ ಮಾಡಿಕೊಂಡು ಅತಿಥಿಗಳೆದುರೇ ಕಥೆ ತಿರುಗಿಸಿದ. “ಈ ಸಾರಥಿಗೆ ಒಬ್ಬ ಮಗ ಇದ್ದಾನೆ. ಕೆಲಸಕ್ಕೆ ಬಾರದೋನು. ಆದ್ರೂ ಇದ್ದಾನೆ.”

ಅಪ್ಪ ಎದ್ದು ನಿಂತ. ಹಿತ್ತಾಳೆ ಗುಂಡಿಗಳು ಅದುರುತ್ತಿದ್ದವು. “ಗೈಡಪ್ಪನೋರೇ, ಗೊತ್ತಿಲ್ಲದಿದ್ರೆ ಬಾಯಿ ಮುಚ್ಕೊಂಡಿರಬೇಕು. ಸುಳ್ಳು ಹೇಳಿ ಹೊಟ್ಟೆ ಹೊರೀಬಾರದು. ನನಗೆ ಮಕ್ಕಳಿಲ್ಲ.”

ಮುಂದಿನ ಕುರ್ಚಿಯ ಹೆಂಗಸು ಬಿಕ್ಕಿದಳು. ಎಲ್ಲರೂ ಊಟಕ್ಕೆದ್ದ ಮೇಲೆ ಅಮ್ಮಾವ್ರು ಹೊಸ್ತಿಲಲ್ಲಿ ನಿಂತು, “ಇವತ್ತು ಅಪ್ಪ ಮಗ ಇಬ್ಬರೂ ಗೆದ್ದುಬಿಟ್ರಿ ಕಣಯ್ಯ” ಎಂದು ಒಳಗೆ ಹೋದರು.

ಅವನು ಮೆಟ್ಟಿಲ ಮೇಲೆ ಕೂತ. ಈ ಕಥೆಯಲ್ಲಿ ಮಗನಿಗೆ ಜಾಗ ಇಲ್ಲ. ಜಾಗ ಇಲ್ಲದಂತೆ ಕಟ್ಟಿದವನೂ ತಾನೇ. ಹಾಗಾದರೆ ಇನ್ನು ಯಾವ ಜಾಗ ಖಾಲಿ ಇದೆ? ಎದ್ದು, ಅಪ್ಪನ ಮುಂದೆ ಕೈಕಟ್ಟಿ ನಿಂತ.

“ಸ್ವಾಮಿ, ಲಾಯದಲ್ಲಿ ಕೆಲಸ ಇದ್ಯಾ?”

ಅಪ್ಪ ಅವನನ್ನು ಮೇಲಿಂದ ಕೆಳಗೆ ಅಳೆದ. “ಕುದುರೆ ಬಗ್ಗೆ ಏನು ಗೊತ್ತು?”

“ಹಿಂದಿನಿಂದ ಹೋಗಬಾರದು. ಮೈ ಬೆವರಿರೋವಾಗ ನೀರು ಕುಡಿಸಬಾರದು. ಹತ್ತಿರ ಹೋಗೋ ಮುಂಚೆ ದನಿ ಮಾಡ್ಬೇಕು, ಬಂದಿರೋದು ಯಾರು ಅಂತ ಅದಕ್ಕೆ ಗೊತ್ತಾಗೋ ಹಾಗೆ.”

“ಪರವಾಗಿಲ್ವೇ! ಯಾರು ಹೇಳಿಕೊಟ್ಟಿದ್ದು?”

“ನಮ್ಮಪ್ಪ.”

“ತಿಳಿದೋರು. ಈಗ ಏನು ಮಾಡ್ತಿದ್ದಾರೆ?”

ಗೈಡಿನ ನಾಲಗೆ ಹಳೇ ಚಾಳಿ ಬಿಡಲಿಲ್ಲ. “ಅರಮನೇಲಿ ದೊಡ್ಡ ಕೆಲಸದಲ್ಲಿದ್ದಾರೆ.”

ಅಪ್ಪನಿಗೆ ಸಮಾಧಾನವಾಯಿತು. “ಸರಿ, ನಾಳೆಯಿಂದ ಬಾ.” ಮಗ ತಿರುಗಿ ಮೆಟ್ಟಿಲಿಳಿಯುವಷ್ಟರಲ್ಲಿ ಹಿಂದಿನಿಂದ ಗದರಿದ: “ಲೋ! ಮೆಲ್ಲಗೆ ಕಾಲಿಡೋ, ಕುದುರೆ ಬೆದರುತ್ತೆ.”

ಅವನು ನಿಂತಲ್ಲೇ ನಿಂತ. ತಿರುಗಿದರೆ ಎಲ್ಲಿ ಹಾರಿಹೋಗುತ್ತದೋ ಎಂದು, ಆ ಮಾತಿನ ಹಿಂದೆಯೇ ಬರಬೇಕಾದ ತನ್ನ ಹೆಸರಿಗಾಗಿ ಕಾದ. ಬರಲಿಲ್ಲ. ತಿರುಗಿ ನೋಡಿದಾಗ ಅಪ್ಪ ಕೋಟಿನ ಗುಂಡಿಯನ್ನು ತೋಳಿನಿಂದ ಉಜ್ಜುತ್ತಿದ್ದ.

ಮರುಸಂಜೆಗೆ ಅಪ್ಪನಿಗೆ ಏನೂ ನೆನಪಿರಲಿಲ್ಲ. ಮತ್ತೆ ಕೈಕಟ್ಟಿ ನಿಂತು ಕೆಲಸ ಕೇಳಬೇಕಾಯಿತು. ಅಂದಿನಿಂದ ದಿನಾ ಕೇಳುತ್ತಾನೆ, ದಿನಾ ಸಿಗುತ್ತದೆ. ಇಷ್ಟು ಸಲ ಕೆಲಸಕ್ಕೆ ಸೇರಿದ ಗಿರಾಕಿ ಊರಲ್ಲಿ ಇನ್ನೊಬ್ಬನಿಲ್ಲ. ಬೈಗುಳ ಮಾತ್ರ ಕೆಲವು ಸಂಜೆ ಬರುತ್ತದೆ, ಕೆಲವು ಸಂಜೆ ಬರುವುದಿಲ್ಲ.

ಅದಕ್ಕೇ ಅವನು ಜಗಲಿಯ ಮೆಟ್ಟಿಲನ್ನು ಬೇಕೆಂತಲೇ ದಪದಪ ತುಳಿಯುತ್ತಾನೆ.